ದಿನಗೂಲಿ ಕೆಲಸಕ್ಕೆ ಏಜೆನ್ಸಿ ಹಿಡಿಯೋ ಮುಂಚೆ

ಸೆಮಿಸ್ಟರ್ ಪರೀಕ್ಷೆ ಮುಗಿಯೋ ಹೊತ್ತಿಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಥರದ ಪೋಸ್ಟರ್‌ಗಳು ಓಡಾಡುತ್ತವೆ: ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ದಿನಕ್ಕೆ ಇಷ್ಟು, ಊಟ ಫ್ರೀ, ಇವತ್ತೇ ಸೇರಿ. ಹೊಸಕೋಟೆ, ಮಾಲೂರು, ನೆಲಮಂಗಲದ ಕಡೆ ದೊಡ್ಡ ದೊಡ್ಡ ಗೋದಾಮುಗಳಿವೆ. ಹಬ್ಬದ ಸೀಸನ್ನಿನಲ್ಲಿ ಅವಕ್ಕೆ ಜನ ಸಾಲೋದಿಲ್ಲ. ಫೀಸು, ಮೆಸ್ ಬಿಲ್ಲು ಹೊಂದಿಸೋಕೆ ನಮ್ಮಲ್ಲೂ ಕೆಲವರು ಹೋಗ್ತಾರೆ. ಅದರಲ್ಲಿ ನಾಚಿಕೆಪಡೋದೇನೂ ಇಲ್ಲ. ಆದರೆ ಕೂಲಿ ಕೊಡೋರು ಯಾರು ಅನ್ನೋದು ಮೊದಲೇ ಗೊತ್ತಿರಬೇಕು.

ಗೇಟಿನ ಮೇಲೆ ಹೆಸರಿರೋ ಕಂಪನಿಯಲ್ಲ. ಕಾಗದದ ಮೇಲೆ ನಾವು ಏಜೆನ್ಸಿಯ ಕೆಲಸಗಾರರು. ಕಂಪನಿ ಏಜೆನ್ಸಿಗೆ ತಲೆಗಿಷ್ಟು ಅಂತ ಕೊಡುತ್ತೆ, ಏಜೆನ್ಸಿ ತನ್ನ ಕಮಿಷನ್ ಇಟ್ಟುಕೊಂಡು ನಮಗೆ ಕೊಡುತ್ತೆ. ಅದರ ಸಂಪಾದನೆ ಕಂಪನಿಯಿಂದಲೇ ಬರೋದರಿಂದ ‘ರಿಜಿಸ್ಟ್ರೇಷನ್ ಫೀ’, ‘ಐಡಿ ಕಾರ್ಡ್ ಡಿಪಾಸಿಟ್’ ಅಂತ ಯಾರಾದರೂ ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಕೆಲವು ಸಲ ಏಜೆನ್ಸಿಯ ಕೆಳಗೆ ಇನ್ನೊಬ್ಬ ಸಬ್ ಕಂಟ್ರಾಕ್ಟರ್, ಅವನ ಕೆಳಗೊಬ್ಬ ಮೇಸ್ತ್ರಿ. ನಮ್ಮ ಥರ್ಮೋ ಪಾಠದ ಹಾಗೇ, ಹಂತ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು.

ಪಿಎಫ್, ಇಎಸ್‌ಐ ಕಟಾವಣೆ ನೋಡಿ ತುಂಬಾ ಜನ ಗಾಬರಿಯಾಗ್ತಾರೆ. ಇದು ಮೋಸವಲ್ಲ. ಉದಾಹರಣೆಗೆ ಕೂಲಿ 600 ರೂಪಾಯಿ, ಪೂರ್ತಿ ಕೂಲಿಯ ಮೇಲೇ ಲೆಕ್ಕ ಅಂದುಕೊಳ್ಳಿ. ಪಿಎಫ್‌ಗೆ ಶೇ. 12, ಅಂದ್ರೆ 72 ರೂಪಾಯಿ, ಇಎಸ್‌ಐಗೆ ಶೇ. 0.75, ನಾಲ್ಕೂವರೆ ರೂಪಾಯಿ. ಕೈಗೆ ಬರೋದು 523.50. ಮಾಲೀಕರ ಪಾಲನ್ನೂ ನಮ್ಮ ಕೂಲಿಯಿಂದಲೇ ಹಿಡಿದರೆ ಮಾತ್ರ ಅದು ಕಾನೂನಿಗೆ ವಿರುದ್ಧ. ಹಿಡಿದ ದುಡ್ಡು ನಿಜವಾಗಿ ಜಮಾ ಆಗಿದೆಯಾ ಅಂತ ಯುಎಎನ್ ನಂಬರ್ ಹಾಕಿ ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ನೋಡಬಹುದು. ಇಎಸ್‌ಐ ಇದ್ದರೆ ಮೊದಲ ದಿನವೇ ಕೆಲಸದಲ್ಲಿ ಪೆಟ್ಟಾದರೂ ಚಿಕಿತ್ಸೆ ಸಿಗುತ್ತೆ. ಟ್ರಾಲಿ, ಕನ್ವೇಯರ್ ಮಧ್ಯೆ ಓಡಾಡೋ ಕೆಲಸದಲ್ಲಿ ಆ ನಾಲ್ಕೂವರೆ ರೂಪಾಯಿ ದಂಡವಲ್ಲ.

ನಮ್ಮಂಥ ವಿದ್ಯಾರ್ಥಿಗಳು ಹೆಚ್ಚಾಗಿ ಕಳಕೊಳ್ಳೋದು ಕೊನೆಯ ದಿನಗಳ ಕೂಲಿ. ಪಗಾರ ಮುಂದಿನ ತಿಂಗಳು 7ಕ್ಕೋ 10ಕ್ಕೋ ಅಂತಾರೆ. ಅಷ್ಟರಲ್ಲಿ ಕಾಲೇಜು ಶುರುವಾಗಿ ನಾವು ಹಾಸ್ಟೆಲಿಗೆ ವಾಪಸ್. ಆಮೇಲೆ ಫೋನ್ ಮಾಡಿದರೆ ‘ಸಾರ್ ಮೀಟಿಂಗಲ್ಲಿದಾರೆ’. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತ 2019ರ ವೇತನ ಸಂಹಿತೆ ಹೇಳುತ್ತೆ. ಏಜೆನ್ಸಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. ಇದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಇದೆ. ಈ ಒಂದು ಸಾಲು ಗೊತ್ತಿದೆ ಅಂತ ತೋರಿಸಿದರೆ ಸಾಕು, ಮೀಟಿಂಗ್ ಬೇಗ ಮುಗಿಯುತ್ತೆ.

ಆದರೆ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕಲ್ಲ. ಬಯೋಮೆಟ್ರಿಕ್ ಏಜೆನ್ಸಿಯ ಕೈಯಲ್ಲಿರುತ್ತೆ, ನಮ್ಮ ಕೈಯಲ್ಲಲ್ಲ. ಅದಕ್ಕೆ ಗೇಟ್ ಪಾಸಿನ ಫೋಟೋ, ಸೂಪರ್‌ವೈಸರ್ ಕಳಿಸಿದ ಶಿಫ್ಟ್ ಮೆಸೇಜು, ಓಟಿ ಗಂಟೆಗಳ ಲೆಕ್ಕ ದಿನಾ ಇಟ್ಟುಕೊಳ್ಳಿ. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ಟೀ-ಬಿಸ್ಕತ್ತಿನಲ್ಲಿ ಮುಗಿಸೋ ಹಾಗಿಲ್ಲ. ಕೂಲಿಯನ್ನು ನಗದಾಗಿ ಬೇಡಿ, ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಬಾಕಿ ಉಳಿದರೆ ಏಜೆನ್ಸಿಗೂ ಕಂಪನಿಯ ಎಚ್‌ಆರ್‌ಗೂ ಒಟ್ಟಿಗೇ ಇಮೇಲ್ ಹಾಕಿ. ಅದಕ್ಕೂ ಜಗ್ಗದಿದ್ದರೆ ಅದೇ ಇಮೇಲಿನ ಪ್ರತಿ ಹಿಡಿದು ಕಾರ್ಮಿಕ ಇಲಾಖೆಗೆ ದೂರು ಕೊಡಿ. ಬೆಂಗಳೂರಿನಲ್ಲಿ ಇಲಾಖೆಯ ಕಾರ್ಮಿಕ ಭವನ ಇರೋದು ಬನ್ನೇರುಘಟ್ಟ ರಸ್ತೆಯಲ್ಲಿ.