ಹಳೇ ಕಂಪ್ಯೂಟರ್ ಮುನಿಸಿಕೊಂಡಾಗ

ಅಟ್ಟದ ಮೇಲೋ, ಮಂಚದ ಕೆಳಗೋ, ಹಳೇ ಸೀರೆಯ ತುಂಡು ಹೊದ್ದು ಕೂತ ಕಂಪ್ಯೂಟರ್ ಒಂದು ನಿಮ್ಮ ಮನೆಯಲ್ಲೂ ಇರಬೇಕಲ್ಲವೇ? ಮಕ್ಕಳ ಓದಿಗೆಂದು ಕಂತಿನ ಮೇಲೆ ಕೊಂಡದ್ದು. ಈಗ ಅದೇ ಮಕ್ಕಳು, “ಗುಜರಿಗೆ ಹಾಕಮ್ಮ ಅದನ್ನ” ಅನ್ನುತ್ತಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಏನೇನಿದೆ ಅಂತ ಒಮ್ಮೆ ನೋಡದೆ ಮಾತ್ರ ಹಾಕಬೇಡಿ.

ಹೊಸಹಳ್ಳಿಯ ನಮ್ಮ ಮನೆಯದು 2002ರಲ್ಲಿ ಕೊಂಡದ್ದು, ವಿಂಡೋಸ್ 98 ಹಾಕಿದ್ದು. ನಮ್ಮತ್ತೆ ಊಟವಾದ ಮೇಲೆ ಎಲೆಅಡಿಕೆ ಮೆಲ್ಲುತ್ತ ಹೇಳುತ್ತಿದ್ದ ಗೊಜ್ಜು, ಹುಳಿಪುಡಿ, ಬಾಣಂತಿ ಲೇಹ್ಯಗಳ ಅಳತೆಯನ್ನೆಲ್ಲ ‘ಬರಹ’ ತಂತ್ರಾಂಶದಲ್ಲಿ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಇಟ್ಟಿದ್ದೆ. ಅವರು ತೀರಿಕೊಂಡ ಮೇಲೆ ನೆನಪಾಗಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿಸಿ ಯಂತ್ರ ನಿಂತೇಬಿಟ್ಟಿತು. ಎದೆ ಧಸಕ್ಕೆಂದಿತು ಅನ್ನಿ!

ಗಾಬರಿಪಟ್ಟು ಗುಂಡಿ ಆರಿಸಬೇಡಿ. ಆ ಎರಡು ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಿಂಡೋಸ್ ಏಳುವ ಮೊದಲೇ ಕಂಪ್ಯೂಟರ್ ತನ್ನ ಕೈಕಾಲು ಮುಟ್ಟಿ ನೋಡಿಕೊಳ್ಳುತ್ತದೆ. ನೆನಪಿನ ಪಟ್ಟಿ ಎಷ್ಟಿದೆ, ಕೀಲಿಮಣೆ ಇದೆಯೇ, ಡಿಸ್ಕ್ ಎಲ್ಲಿ ಅಂತ. ಯಾವುದು ಸಿಗಲಿಲ್ಲವೋ ಅದನ್ನೇ ಪರದೆಯ ಮೇಲೆ ಹೇಳುತ್ತದೆ. ಪರದೆ ಬರದಿದ್ದರೆ ಪೀಪಿ ಊದುತ್ತದೆ.

ನಮ್ಮದು ಹೇಳಿದ್ದು ‘ಸಿಮಾಸ್ ಚೆಕ್‌ಸಮ್ ಎರರ್’ ಅಂತ. ಹೆಸರು ದೊಡ್ಡದು, ರೋಗ ಚಿಕ್ಕದು. ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ವಿದ್ಯುತ್ ಇಲ್ಲದಾಗಲೂ ತಾರೀಖು ಮತ್ತು ಡಿಸ್ಕಿನ ವಿವರ ಮರೆಯದಂತೆ ಕಾಯುವುದು ಅದೇ. ಬಹುಪಾಲು ಯಂತ್ರಗಳಲ್ಲಿ ಅದರ ಹೆಸರು ಸಿ.ಆರ್. 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅಷ್ಟೇ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಹಳೆಯದು ಯಾವ ಮಗ್ಗುಲಾಗಿ ಕೂತಿತ್ತೋ ಹಾಗೇ ಹೊಸದನ್ನು ಕೂರಿಸಿ. ಶುರುವಿನಲ್ಲಿ ಡಿಲೀಟ್ ಕೀಲಿ ಒತ್ತಿದರೆ (ಕೆಲವು ಯಂತ್ರಗಳಲ್ಲಿ ಎಫ್ 2) ಸೆಟಪ್ ಪುಟ ತೆರೆಯುತ್ತದೆ. ಅಲ್ಲಿ ತಾರೀಖು ತಿದ್ದಿ, ಡಿಸ್ಕಿನ ಎದುರು ‘ಆಟೋ’ ಇದೆಯೇ ನೋಡಿ, ಉಳಿಸಿ ಹೊರಬನ್ನಿ.

‘ನಾನ್ ಸಿಸ್ಟಮ್ ಡಿಸ್ಕ್’ ಅಂದರೆ? ಮೊದಲು ಫ್ಲಾಪಿ ಒಳಗೇ ಉಳಿದಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಅದನ್ನು ತೆಗೆದಿದ್ದಕ್ಕೇ ರಿಪೇರಿ ದುಡ್ಡು ಕೊಟ್ಟಿದ್ದಾರೆ!

ಪರದೆ ಕಪ್ಪಾಗಿದ್ದು ಮತ್ತೆ ಮತ್ತೆ ಪೀಪಿ ಕೇಳಿದರೆ ಬಹಳ ಸಲ ನೆನಪಿನ ಪಟ್ಟಿ, ಅಂದರೆ ರ್‍ಯಾಮ್, ಸರಿಯಾಗಿ ಕೂತಿರುವುದಿಲ್ಲ. ಎರಡೂ ಬದಿಯ ಬಿಳಿ ಕಿವಿಗಳನ್ನು ಹೊರಕ್ಕೆ ಒತ್ತಿದರೆ ಪಟ್ಟಿ ತಾನಾಗಿ ಮೇಲೇಳುತ್ತದೆ. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಯಂತ್ರದಿಂದ ದೂರ ಕೊಡವಿ. ಕಚ್ಚು ಎದುರಾಗುವಂತೆ ಹಿಡಿದು, ಕಿವಿಗಳು ಟಕ್ಕೆನ್ನುವವರೆಗೆ ಒತ್ತಿ. ನೈಲಾನ್ ಸೀರೆ ಉಟ್ಟು ಈ ಕೆಲಸಕ್ಕೆ ಕೂರಬೇಡಿ. ಅದರ ಚುರುಕು ವಿದ್ಯುತ್ತು ಪಟ್ಟಿಯನ್ನು ಕೊಂದುಬಿಡಬಲ್ಲದು. ಹತ್ತಿ ಸೀರೆ ಉಟ್ಟು, ಬಳೆ ತೆಗೆದಿಟ್ಟು, ಪೆಟ್ಟಿಗೆಯ ತಗಡನ್ನು ಒಮ್ಮೆ ಮುಟ್ಟಿ ಶುರುಮಾಡಿ. ವಿದ್ಯುತ್ ಪೆಟ್ಟಿಗೆಯನ್ನೂ ಹಳೇ ದಪ್ಪ ಮಾನಿಟರನ್ನೂ ಮಾತ್ರ ಬಿಚ್ಚಲೇಕೂಡದು. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಪ್ರಾಣಕ್ಕೆ ಮುಳುವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಇಷ್ಟಾಗಿ ನಮ್ಮದು ಎದ್ದಿತು, ಆದರೆ ಆಮೆಯ ನಡಿಗೆ. ಅದಕ್ಕೆ ಒಬ್ಬ ರಿಪೇರಿ ಹುಡುಗ, “ಮೆಮರಿ ಸಾಲದು ಆಂಟಿ” ಅಂತ 256 ಎಂ.ಬಿ. ಪಟ್ಟಿಯ ಪಕ್ಕಕ್ಕೆ 512ರದ್ದೊಂದು ಸೇರಿಸಿ ಹೋದ. ಸಂಜೆ ಹಚ್ಚಿದರೆ ವಿಂಡೋಸ್ ಹೇಳುತ್ತದೆ, ಏಳುವುದಕ್ಕೆ ನೆನಪು ಸಾಲದು ಅಂತ! ಮೂರು ಪಾಲು ಮಾಡಿದ ಮೇಲೆ ಸಾಲದೇ? ಹುಡುಗ ತಲೆ ಕೆರೆದುಕೊಂಡು, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಅಂದ. ಒಪ್ಪಿದ್ದರೆ ಅತ್ತೆಯ ಕೈರುಚಿ ಅಲ್ಲಿಗೇ ಮುಗಿಯುತ್ತಿತ್ತು.

ಇದು ವಿಂಡೋಸ್ 95, 98, ಎಂ.ಇ. ಮೂರಕ್ಕೂ ಇರುವ ಹುಟ್ಟುಗುಣ. 512 ಎಂ.ಬಿ. ದಾಟಿದರೆ, ಇರುವ ನೆನಪಿನ ಲೆಕ್ಕಕ್ಕೆ ತಕ್ಕಂತೆ ಅದು ಕಡತಗಳಿಗೆಂದು ಬಹಳ ಜಾಗ ಕಾದಿರಿಸಿಬಿಡುತ್ತದೆ. ಉಳಿದ ಕೆಲಸಕ್ಕೆ ವಿಳಾಸಗಳೇ ಮಿಗುವುದಿಲ್ಲ. ಅಡುಗೆಮನೆ ದೊಡ್ಡದಾಯಿತೆಂದು ಡಬ್ಬಿಗಳನ್ನೇ ತುಂಬಿ, ನಿಲ್ಲಲು ಜಾಗವಿಲ್ಲದ ಹಾಗೆ. ಸುಲಭದ ಪರಿಹಾರ, ಹೊಸ ಪಟ್ಟಿ ಕಿತ್ತುಬಿಡುವುದು. ಅದು ಬೇಕೇಬೇಕೆಂದರೆ, ಪಟ್ಟಿ ತೆಗೆದು ಯಂತ್ರ ಹಚ್ಚಿ. ಸ್ಟಾರ್ಟ್, ರನ್ ಒತ್ತಿ ‘ಸಿಸ್‌ಎಡಿಟ್’ ಎಂದು ಕೊಡಿ. ಸಿಸ್ಟಮ್ ಐ.ಎನ್.ಐ. ಕಡತದಲ್ಲಿ ‘ವಿಕ್ಯಾಶ್’ ತಲೆಬರಹದ ಕೆಳಗೆ ‘ಮ್ಯಾಕ್ಸ್‌ಫೈಲ್‌ಕ್ಯಾಶ್=524288’ ಎಂದು, ಪದಗಳ ನಡುವೆ ಎಡೆ ಬಿಡದೆ, ಇಂಗ್ಲಿಷಿನಲ್ಲಿ ಸೇರಿಸಿ ಉಳಿಸಿ. ಆಮೇಲೆ ಪಟ್ಟಿ ಹಾಕಿ. ನಾನಂತೂ ಪಟ್ಟಿ ಕಿತ್ತೆ. ನನಗೆ ಬೇಕಾಗಿದ್ದು ವೇಗವಲ್ಲವಲ್ಲ.

ಎದ್ದ ದಿನವೇ ಕಡತಗಳನ್ನು ನಕಲು ಮಾಡಿಕೊಳ್ಳಿ, ನಾಳೆಗಿಡಬೇಡಿ. ವಿಂಡೋಸ್ 98ಕ್ಕೆ ಈಗಿನ ಪೆನ್‌ಡ್ರೈವ್ ಸುಮ್ಮನೆ ಸಿಕ್ಕಿಸಿದರೆ ಗುರುತು ಸಿಗದು. ಡಿಸ್ಕನ್ನೇ ಬಿಚ್ಚಿಸಿ, ಐ.ಡಿ.ಇ.ಯಿಂದ ಯು.ಎಸ್.ಬಿ.ಗೆ ಹಾಕುವ ಕೊಂಡಿಯಲ್ಲಿ ಹೊಸ ಕಂಪ್ಯೂಟರಿಗೆ ಜೋಡಿಸುವುದು ಮೇಲು. ಇಂಥ ಸಾಮಾನಿಗೆ ನಮಗೆ ಎಸ್.ಪಿ. ರಸ್ತೆಯೇ ಗತಿ. ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದರಾಯಿತು.

ಇನ್ನೊಂದು ಮಾತು. ನಕಲಾದ ಕಡತ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಕೆಟ್ಟಿತೆಂದು ಅಳಿಸಬೇಡಿ. ಆಗಿನ ‘ಬರಹ’, ‘ನುಡಿ’ಗಳ ಎಷ್ಟೋ ಕಡತ ಯೂನಿಕೋಡಿಗಿಂತ ಹಿಂದಿನ ಕಟ್ಟಿನವು. ಅದೇ ಅಕ್ಷರ ವಿನ್ಯಾಸ ಹಾಕಿಕೊಂಡರೆ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ, ಕನ್ನಡ ಮರಳಿ ಬರುತ್ತದೆ. ಕೆಲವು ಒತ್ತಕ್ಷರ ತಪ್ಪಬಹುದು, ಕೈಯಲ್ಲಿ ತಿದ್ದಬೇಕು.

ನಮ್ಮತ್ತೆಯದು ಹೀಗೇ ಬಂತು. ಲೇಹ್ಯದ ಪುಟದಲ್ಲಿ ‘ಒಣಶುಂಠಿ ಒಂದು ಹಿಡಿ’ ಅಂತಿದೆ. ಯಾರ ಹಿಡಿ ಅಂತ ಅಂದು ನಾನು ಕೇಳಿರಲಿಲ್ಲ.