ಕಲ್ಲು ಮರೆತದ್ದನ್ನು ಮಣ್ಣು ಹೇಳಿತು!

ಹಾಲಿನ ಲೆಕ್ಕ, ದೋಬಿಯ ಲೆಕ್ಕ, ದಿನಸಿ ಚೀಟಿ – ತಿಂಗಳು ಮುಗಿಯಿತೆಂದರೆ ಹರಿದು ಬಿಸಾಡುತ್ತೇವೆ, ಅಲ್ಲವೇ? ಇಂಥ ಚೀಟಿಗಳೇ ಎರಡೂವರೆ ಸಾವಿರ ವರ್ಷ ಉಳಿದು, ಒಂದು ಮಹಾ ಸಾಮ್ರಾಜ್ಯದಲ್ಲಿ ಹೆಂಗಸರು ಹೇಗೆ ಬಾಳಿದರು ಅಂತ ಹೇಳಿದವು ಎಂದರೆ ನಂಬುತ್ತೀರಾ?

ಅವು ಸಿಕ್ಕಿದ್ದು ಇರಾನ್ ದೇಶದಲ್ಲಿ. ಶಿರಾಜ್ ನಗರದಿಂದ ಸುಮಾರು 60 ಕಿಲೋಮೀಟರ್ ದೂರ, ಬೆಟ್ಟದ ಮಗ್ಗುಲಲ್ಲಿ ಪರ್ಸೆಪೊಲಿಸ್ ಎಂಬ ಹಾಳು ಅರಮನೆಗಳ ತಾಣವಿದೆ. ಕ್ರಿ.ಪೂ. 518ರ ಸುಮಾರಿಗೆ ಪರ್ಷಿಯದ ಚಕ್ರವರ್ತಿ ಡೇರಿಯಸ್ ಇದನ್ನು ಕಟ್ಟಿಸಲು ಶುರು ಮಾಡಿದ. ನಮ್ಮ ಮನೆಗಳಿಗೆ ಜಗಲಿ ಇದ್ದ ಹಾಗೆ ಮೊದಲು ಕಲ್ಲಿನ ಒಂದು ಜಗಲಿ ಎದ್ದಿತು. ಎಂಥ ಜಗಲಿ ಅಂತೀರಿ! ಉದ್ದ ಸುಮಾರು 450 ಮೀಟರ್, ಅಗಲ 300 ಮೀಟರ್! ಅದರ ಮೇಲೆ 72 ಕಂಬಗಳ ಸಭಾಮಂಟಪ. ಒಂದೊಂದು ಕಂಬವೂ ಸುಮಾರು 20 ಮೀಟರ್ ಎತ್ತರ. ಕ್ರಿ.ಪೂ. 330ರಲ್ಲಿ ಅಲೆಗ್ಸಾಂಡರನ ಸೈನ್ಯ ಅದಕ್ಕೆ ಬೆಂಕಿ ಇಟ್ಟಿತು. ಆ ಮಂಟಪದಲ್ಲಿ ಈಗ ನಿಂತಿರುವುದು 13 ಕಂಬ ಮಾತ್ರ.

ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದವರು 1931ರಲ್ಲಿ ಅಲ್ಲಿ ಅಗೆತ ಆರಂಭಿಸಿದರು. ಮುಖ್ಯಸ್ಥರು ಜರ್ಮನಿಯ ಅರ್ನ್‌ಸ್ಟ್ ಹರ್ಟ್ಸ್‌ಫೆಲ್ಡ್. ಮಂಟಪದ ಪೂರ್ವದ ಮೆಟ್ಟಿಲು ಮಣ್ಣಿನಡಿ ಮುಚ್ಚಿಹೋಗಿತ್ತು. ಬಿಡಿಸಿ ನೋಡಿದರೆ ಕೆತ್ತನೆ ಚೆನ್ನಾಗಿ ಉಳಿದಿದೆ! 23 ನಾಡುಗಳ ಜನ ದೊರೆಗೆ ಕಾಣಿಕೆ ತರುತ್ತಿದ್ದಾರೆ. ಅವರಲ್ಲಿ ಸಿಂಧೂ ನದಿಯ ಕಡೆಯವರೂ ಇದ್ದಾರೆ. ಬರಿಮೈಯ ಒಬ್ಬಾತ ಹೆಗಲ ಮೇಲೆ ಕಾವಡಿ ಹೊತ್ತಿದ್ದಾನೆ. ಆದರೆ ಇಷ್ಟು ಜನರ ನಡುವೆ ಹೆಂಗಸು? ಒಬ್ಬಳೂ ಇಲ್ಲ! ಹೆಣ್ಣೆಂದು ಎದ್ದು ಕಾಣುವುದು ಕಾಣಿಕೆಗೆ ತಂದ ಒಂದು ಸಿಂಹಿಣಿ ಮಾತ್ರ. ಇದನ್ನಷ್ಟೇ ನೋಡಿದವರು ಆ ರಾಜ್ಯದಲ್ಲಿ ಹೆಂಗಸರಿಗೆ ಕೆಲಸವೇ ಇರಲಿಲ್ಲ ಅಂದುಕೊಳ್ಳಬೇಕು.

1933ರಲ್ಲಿ, ಅಗೆದ ಮಣ್ಣು ಸಾಗಿಸಲು ದಾರಿ ಮಾಡುತ್ತಿದ್ದಾಗ, ಜಗಲಿಯ ಈಶಾನ್ಯ ಮೂಲೆಯ ಕೋಟೆಗೋಡೆಯೊಳಗೆ ಮಣ್ಣಿನ ಬಿಲ್ಲೆಗಳ ರಾಶಿ ಸಿಕ್ಕಿತು. ಒಂದಲ್ಲ, ಎರಡಲ್ಲ, ಸಾವಿರಾರು! ಬಹಳಷ್ಟು ಅಂಗೈಯಲ್ಲಿ ಹಿಡಿಸುವಂಥವು. ಹಸಿಮಣ್ಣಿನ ಮೇಲೆ ಕಡ್ಡಿಯಿಂದ ಒತ್ತಿ ಬರೆದ, ಮೊಳೆಯಂಥ ಅಕ್ಷರಗಳು. ಭಾಷೆ ಎಲಾಮೈಟ್. ಷಿಕಾಗೋದ ವಿದ್ವಾಂಸ ರಿಚರ್ಡ್ ಹ್ಯಾಲಕ್ ವರ್ಷಗಟ್ಟಲೆ ಕೂತು ಓದಿ, 1969ರಲ್ಲಿ 2,087 ಬಿಲ್ಲೆಗಳನ್ನು ಅಚ್ಚು ಹಾಕಿಸಿದರು.

ಏನಿತ್ತು ಅವುಗಳಲ್ಲಿ? ಯುದ್ಧದ ಜಂಬವಲ್ಲ. ಕ್ರಿ.ಪೂ. 509ರಿಂದ 493ರವರೆಗಿನ ಉಗ್ರಾಣದ ಲೆಕ್ಕ! ಯಾರಿಗೆ ಎಷ್ಟು ಧಾನ್ಯ, ಎಷ್ಟು ದ್ರಾಕ್ಷಾರಸ, ಎಷ್ಟು ಕುರಿ ಅಂತ. ಅಲ್ಲಿ ನೋಡಿ, ಕಲ್ಲಿನಲ್ಲಿ ಕಾಣದ ಹೆಂಗಸರೆಲ್ಲ ಸಾಲುಸಾಲಾಗಿ ನಿಂತಿದ್ದಾರೆ. ಗಂಡಸರ ಜೊತೆ ದುಡಿದು ಪಡಿ ಪಡೆದವರು ಅವರು. ಕೆಲವು ಗುಂಪುಗಳಿಗೆ ಹೆಂಗಸೇ ಮೇಲ್ವಿಚಾರಕಿ. ಅವಳ ಪಡಿ ಎಲ್ಲರಿಗಿಂತ ಹೆಚ್ಚು. ಇರ್ದಬಾಮಾ ಎಂಬ ರಾಜಮನೆತನದ ಹೆಂಗಸಿನ ಕೈಕೆಳಗೆ ನೂರಾರು ಆಳುಗಳಿದ್ದರು, ಅವಳದೇ ಮುದ್ರೆಯೂ ಇತ್ತು. ರಾಣಿ ಇರ್ತಶ್ದುನಾಳಿಗೆ 100 ಕುರಿ ಕೊಡಿ ಅಂತ ಸ್ವತಃ ಡೇರಿಯಸ್ ಕೊಟ್ಟ ಅಪ್ಪಣೆಯೂ ಸಿಕ್ಕಿದೆ.

ಬಾಣಂತಿಯರನ್ನೂ ಆ ಉಗ್ರಾಣ ಮರೆತಿರಲಿಲ್ಲ. ದುಡಿಯುವ ಹೆಣ್ಣು ಹೆತ್ತರೆ ಅವಳಿಗೆ ಹೆಚ್ಚುವರಿ ಪಡಿ ಸಲ್ಲುತ್ತಿತ್ತು. ಓದಿ ಸಂತೋಷವಾಯಿತೇ? ಸ್ವಲ್ಪ ತಾಳಿ. ಗಂಡು ಹೆತ್ತವಳಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಹೆಣ್ಣು ಹೆತ್ತವಳಿಗೆ! ನೋವೇನು ಅರ್ಧ ಇತ್ತೇ ಅಂತ ಆ ಗುಮಾಸ್ತನನ್ನು ಕೇಳುವವರು ಯಾರು? ಅವನು ಬರೆದಿಟ್ಟ, ಅಷ್ಟೆ. ಆದರೆ ಬರೆದಿಟ್ಟದ್ದರಿಂದಲೇ ಆ ಅನ್ಯಾಯ ಇಂದು ನಮಗೆ ತಿಳಿಯಿತು.

ಓದುವುದಕ್ಕೆಂದು ಎರವಲಾಗಿ ಷಿಕಾಗೋಗೆ ಹೋದ ಬಿಲ್ಲೆಗಳಿಗೆ ಅಲ್ಲೂ ಕಂಟಕ ತಪ್ಪಲಿಲ್ಲ. 1997ರ ಜೆರುಸಲೇಮ್ ಬಾಂಬ್ ಸ್ಫೋಟದಲ್ಲಿ ನೊಂದವರು, ಇರಾನ್ ಸರ್ಕಾರ ಕೊಡಬೇಕಾದ ಪರಿಹಾರಕ್ಕಾಗಿ ಇವನ್ನು ಜಪ್ತಿ ಮಾಡಿಸಿಕೊಡಿ ಎಂದು ಕೋರ್ಟಿಗೆ ಹೋದರು. ಅವರ ಸಂಕಟ ಸುಳ್ಳಲ್ಲ. ಆದರೆ ಬಿಲ್ಲೆಗಳು ಹರಾಜಾಗಿ ದಿಕ್ಕಾಪಾಲಾಗಿದ್ದರೆ? ಒಂದು ಚೀಟಿಯಿಂದ ಏನೂ ತಿಳಿಯದು, ಸಾವಿರ ಕೂಡಿದರೇ ಲೆಕ್ಕ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಪ್ತಿ ಕೂಡದೆಂದು ತೀರ್ಪಿತ್ತಿತು. 2019ರಲ್ಲಿ 1,783 ಬಿಲ್ಲೆಗಳು ತವರಿಗೆ ಮರಳಿದವು.

ದೊರೆ ಕೆತ್ತಿಸಿದ ಕಲ್ಲು ದೊರೆಯನ್ನು ಹೊಗಳಿತು. ದುಡಿದವಳ ಹೆಸರು ಉಳಿಸಿದ್ದು ಒಂದು ಹಿಡಿ ಮಣ್ಣು. ನಿಮ್ಮ ಅಟ್ಟದ ಮೇಲಿನ ಹಳೆ ಟ್ರಂಕಿನಲ್ಲಿ ಅಜ್ಜಿಯ ಕೈಬರಹದ ಲೆಕ್ಕದ ಪುಸ್ತಕವಿದ್ದರೆ ರದ್ದಿಯವನಿಗೆ ಹಾಕುವ ಮುಂಚೆ ಒಮ್ಮೆ ಬಿಡಿಸಿ ನೋಡಿ. ಮಗಳಿಗೂ ತೋರಿಸಿ.