ಸಿರಿ ಸೀಳಿದ ಕೈಗೆ ಕತ್ತರಿ ಬಂದಾಗ

ದೀಪಾವಳಿ ಹತ್ತಿರವಾಗುತ್ತಿದ್ದಂತೆ ನಮ್ಮೂರು ಕೊಕ್ಕಡದ ಪೇಟೆಯಲ್ಲೂ ಗೂಡುದೀಪಗಳು ತೂಗತೊಡಗುತ್ತವೆ. ಈಗಿನವು ಹೆಚ್ಚಾಗಿ ಮಡಚಿಟ್ಟ ಪ್ಲಾಸ್ಟಿಕ್ಕಿನವು. ಬಿಡಿಸಿ, ಒಳಗೊಂದು ಬಲ್ಬು ಇಳಿಬಿಟ್ಟರೆ ಕೆಲಸ ಮುಗಿಯಿತು.

ಮನೆಯಲ್ಲೇ ಕಟ್ಟುವ ಗೂಡುದೀಪದ ಲೆಕ್ಕ ಬೇರೆ. ಬಿದಿರನ್ನೋ ಅಡಕೆ ಮರವನ್ನೋ ಸೀಳಿ ಒಂದೇ ಅಳತೆಯ 24 ಕಡ್ಡಿ ಮಾಡಿಕೊಳ್ಳಬೇಕು. ನಾಲ್ಕು ನಾಲ್ಕು ಸೇರಿಸಿ ಆರು ಚೌಕ ಕಟ್ಟಿ ಮೂಲೆಗೆ ಮೂಲೆ ಬಿಗಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಆಮೇಲೆ ಕತ್ತರಿಯ ಕೆಲಸ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಓರೆಯಾಗಿ ಇನ್ನೊಮ್ಮೆ ಮಡಚಿ, ಅಂಚಿನಲ್ಲಿ ಅರ್ಧ ಎಸಳು ಕತ್ತರಿಸಿದರೆ ಬಿಡಿಸುವಾಗ ಇಡೀ ಹೂವು. ಮಡಿಕೆಯ ಅಂಚೆಲ್ಲ ಹೋದರೆ ಹೂವೂ ಹೋಯಿತು. ಅಂಟಿಸಲು ಮೈದಾ ಗಂಜಿ. ಅದರ ಆಸೆಗೆ ರಾತ್ರಿ ಜಿರಳೆಗಳೂ ಹಬ್ಬಕ್ಕೆ ಬರುತ್ತವೆ.

ಈ ಮಡಚಿ ಕತ್ತರಿಸುವ ವಿದ್ಯೆಯ ಹಿರಿಯ ಮನೆ ಚೀನಾ. ಅಲ್ಲಿನ ತುರ್ಫಾನಿನ ಗೋರಿಗಳಲ್ಲಿ ಸಿಕ್ಕ 6ನೇ ಶತಮಾನದ ಕತ್ತರಿ ಚಿತ್ತಾರಗಳು ಇದೇ ಬಗೆಯ ದುಂಡನೆಯ, ಸಮಪಾಲಿನ ವಿನ್ಯಾಸಗಳು. ಗಾಜಿಲ್ಲದ ಕಾಲದಲ್ಲಿ ಚೀನಾದ ಹಳ್ಳಿಯವರು ಕಿಟಕಿಗೆ ಬಿಳಿ ಕಾಗದ ಅಂಟಿಸುತ್ತಿದ್ದರು. ಹೊಸ ವರ್ಷಕ್ಕೆ ಅದರ ಮೇಲೆ ಕೆಂಪು ಚಿತ್ತಾರ. ಮದುವೆಮನೆಗೆ ಜೋಡಿ ಸಂತಸದ ಅಕ್ಷರ. 2009ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಚಿತ್ತಾರ ಚಂದ ಕಾಣುವುದು ಹಗಲು, ಮನೆಯ ಒಳಗಿನಿಂದ. ನಮ್ಮದು ರಾತ್ರಿ, ಅಂಗಳದಿಂದ.

ನಮ್ಮ ಕರಾವಳಿಯಲ್ಲಿ ಕಾಗದ ಎಲ್ಲರ ಕೈಗೆ ಸಿಕ್ಕಿದ್ದು ಬಹಳ ತಡವಾಗಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಅಲ್ಲಿಯ ತನಕ ಬರೆಯುವುದಕ್ಕೆ ಹೆಚ್ಚಾಗಿ ತಾಳೆಗರಿ, ಅಲಂಕಾರಕ್ಕೆ ತೆಂಗಿನ ಸಿರಿ, ಅಂದರೆ ಎಳೆಗರಿ. ಆದರೆ ಕೈಚಳಕಕ್ಕೇನೂ ಕೊರತೆ ಇರಲಿಲ್ಲ. ಭೂತ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರು ಎಳೆಯ ಸಿರಿಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ ಸೊಂಟದ ಉಡುಗೆ ಹೆಣೆಯುವುದನ್ನು ಭೂತಕೋಲಕ್ಕೆ ಹೋದವರೆಲ್ಲ ನೋಡಿದ್ದಾರೆ. ಕೋಲ ಮುಗಿದರೆ ಆ ಸಿರಿಯ ಆಯುಸ್ಸೂ ಮುಗಿಯಿತು. ಮುಂದಿನ ಕೋಲಕ್ಕೆ ಹೊಸ ಸಿರಿ. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜನ ಉಡುಗೆಯೂ ಸಿರಿಯದೇ. ಮಳೆಗಾಲಕ್ಕೆ ಮುಂಚೆ ಪತ್ತನಾಜೆಯ ದಿನಕ್ಕೆ ನಿಂತ ಕೋಲಗಳು ಮತ್ತೆ ಶುರುವಾಗುವುದೂ ದೀಪಾವಳಿ ಕಳೆದ ಮೇಲೆ. ಗೂಡುದೀಪದ ಕೆಳಗೆ ಇಳಿಬೀಳುವ ಕಾಗದದ ಬಾಲಗಳನ್ನು ನೋಡಿದಾಗ ಅವು ಚೀನಾದವಕ್ಕಿಂತ ಈ ಸಿರಿಯ ನಂಟರೆಂದೇ ನನಗನ್ನಿಸುತ್ತದೆ. ದಾಖಲೆ ಕೇಳಬೇಡಿ, ಒಮ್ಮೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ದೀಪಕ್ಕೇನೋ ಹಳೆಯ ಮೂಲವೇ ಇದೆ. ಕಾರ್ತಿಕದಲ್ಲಿ ಎತ್ತರಕ್ಕೆ ಏರಿಸುವ ಆಕಾಶದೀಪದ ಪದ್ಧತಿ ನಾಡಿನ ಹಲವೆಡೆ ಇದೆ; ಇಲ್ಲಿ ದೀಪಾವಳಿ ಪರ್ಬದ ದಿನ ಬಲಿ ಚಕ್ರವರ್ತಿ ಬಲೀಂದ್ರನನ್ನು ಕೂಗಿ ಕರೆಯುವಾಗ ಅಂಗಳದಲ್ಲಿ ಬೆಳಕಿರಬೇಕು. ಹಣತೆ ಗಾಳಿಗೆ ಆರದಂತೆ ಕಾಗದದ ಗೂಡು ಕಾಯುತ್ತಿತ್ತು. ಬಲ್ಬು ಬಂದ ಮೇಲೆ ಆ ಕಾರಣ ಹೋಯಿತು, ಚಂದ ಮಾತ್ರ ಉಳಿಯಿತು.

ಮಂಗಳೂರಿನ ಕುದ್ರೋಳಿಯಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ ದೀಪಗಳಿಗೆಂದೇ ಒಂದು ವಿಭಾಗವಿದೆ. ಒಳ್ಳೆಯದೇ. ಆದರೆ ಸ್ಪರ್ಧೆಗಾಗಿ ಕಟ್ಟುವವರಷ್ಟೇ ಉಳಿದರೆ ಸಾಲದು. ಕೊಕ್ಕಡದ ಸುತ್ತ ಅಡಕೆ ತೋಟಗಳಿಗೇನು ಬರವೇ? ಈ ಪರ್ಬಕ್ಕೆ ಮಕ್ಕಳ ಕೈಗೆ ಕಡ್ಡಿ, ಕಾಗದ, ಕತ್ತರಿ ಕೊಡಿ. ಮೊದಲ ಹೂವು ಹರಿದರೆ ಬಯ್ಯಬೇಡಿ.